ಬೆಂಗಳೂರು ಏರ್‌ಪೋರ್ಟ್‌ಗೆ ಹೋಗುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ವಿದೇಶಕ್ಕೆ ಹೊರಟ ಮಕ್ಕಳನ್ನು ಬಿಟ್ಟುಬರಲು ನಮ್ಮ ಗುಂಪಿನವರು ಮೈಸೂರಿನಿಂದ ಆಗಾಗ ಹೋಗುತ್ತಿರುತ್ತೀರಿ. 2023ರ ಸೆಪ್ಟೆಂಬರ್‌ನಿಂದ ವಿದೇಶದ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ನಿಂದಲೇ ಹೊರಡುತ್ತವೆ. ಹಳೇ ರೂಢಿಯಲ್ಲಿ ಒಂದನೆಯದರ ಮುಂದೆ ಇಳಿಯಬೇಡಿ. ಏರ್‌ಪೋರ್ಟ್‌ಗೆ ಹೋಗುವ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಹತ್ತುವಾಗಲೇ ಬಸ್ಸಿನವರಿಗೆ ಟರ್ಮಿನಲ್ ಹೇಳಿಬಿಡಿ. ತಪ್ಪಿ ಇಳಿದರೂ ಗಾಬರಿ ಬೇಡ, ಎರಡರ ನಡುವೆ ಉಚಿತ ಬಸ್ ಓಡಾಡುತ್ತದೆ.

ಹೊಸ ಟರ್ಮಿನಲ್ ನೋಡಲು ಬಲು ಚೆಂದ. ಚಾವಣಿ ತುಂಬಾ ಬಿದಿರು, ಮೇಲಿಂದ ತೂಗುವ ಗಿಡಗಳು. ಆದರೆ ಒಳಗೆ ನಡಿಗೆ ಜಾಸ್ತಿ. ಮಂಡಿನೋವಿನ ಹಿರಿಯರು ಪ್ರಯಾಣ ಮಾಡುವುದಿದ್ದರೆ ಟಿಕೆಟ್ ಮಾಡಿಸುವಾಗಲೇ ವೀಲ್‌ಚೇರ್ ಕೇಳಿ, ಇದಕ್ಕೆ ಸಂಕೋಚ ಬೇಡ.

ನಮ್ಮ ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟ್‌ನ ರನ್‌ವೇ ಉದ್ದವಾಗಿ ದೊಡ್ಡ ವಿಮಾನಗಳು ಇಲ್ಲಿಗೇ ಬರಲಿ ಎಂಬ ಆಸೆ ನನಗಂತೂ ಬಹಳ ಇದೆ. ಅಲ್ಲಿಯವರೆಗೆ, ದಾರಿಯ ಟ್ರಾಫಿಕ್ ಲೆಕ್ಕ ಹಾಕಿ ಬೇಗನೆ ಹೊರಡಿ.