ಕರಾವಳಿ ಸೈಕಲ್ ಸವಾರಿ: ರೇನ್‌ಕೋಟ್‌ಗಿಂತ ಮೊದಲು ಬ್ರೇಕ್ ನೋಡಿ

ಮಾನ್ಯ ಸಂಪಾದಕರೇ,

ಮಳೆಯಲ್ಲಿ ಸಮುದ್ರದ ಬದಿಯ ರಸ್ತೆ ಹಿಡಿದು ಒಬ್ಬರೇ ಸೈಕಲ್ ಪ್ರವಾಸ ಹೊರಡುವವರಿಗೆ ಸಿಗುವ ಸಲಹೆಗಳಲ್ಲಿ ಮುಕ್ಕಾಲು ಪಾಲು ಮೈ ನೆನೆಯದಂತೆ ನೋಡಿಕೊಳ್ಳುವುದರ ಬಗ್ಗೆಯೇ ಇರುತ್ತವೆ. ಐದಾರು ತಾಸು ಪೆಡಲ್ ತುಳಿದರೆ ಯಾವ ರೇನ್‌ಕೋಟ್ ತೊಟ್ಟರೂ ಮೈ ಒದ್ದೆಯಾಗುತ್ತದೆ. ಹೊರಗಿನಿಂದ ಮಳೆ ತಪ್ಪಿಸಿದರೆ ಒಳಗಿನಿಂದ ಬೆವರು. ಒದ್ದೆಯಾದರೂ ಮೈ ಬೆಚ್ಚಗಿಡುವ ಉಣ್ಣೆ ಅಥವಾ ಪಾಲಿಯೆಸ್ಟರ್ ಬಟ್ಟೆ ಸಾಕು, ಹತ್ತಿಯದು ಬೇಡ. ತಲೆಯಿಂದ ಇಳಿಬಿಡುವ ತೋಳಿಲ್ಲದ ಮಳೆ ಹೊದಿಕೆ, ಪಾಂಚೋ ಅಂತೂ ಬೇಡವೇ ಬೇಡ, ಕಡಲ ಗಾಳಿ ಹೊಕ್ಕರೆ ಹಾಯಿಯಂತೆ ಉಬ್ಬಿ ಸೈಕಲ್ಲನ್ನೇ ಪಕ್ಕಕ್ಕೆಳೆಯುತ್ತದೆ. ಸವಾರರನ್ನು ನಡುದಾರಿಯಲ್ಲಿ ಕೈಬಿಡುವುದು ಬ್ರೇಕ್, ಉಪ್ಪು ಮತ್ತು ಉಬ್ಬರದ ನೀರು. ಇವುಗಳ ಬಗ್ಗೆ ಬರೆಯುವವರು ಕಡಿಮೆ ಎಂದು ಈ ಪತ್ರ.

ರಿಮ್ಮನ್ನು ಹಿಡಿಯುವ ಬ್ರೇಕ್ ಮಳೆಯಲ್ಲಿ ಲಿವರ್ ಒತ್ತಿದ ಕೂಡಲೇ ಹಿಡಿಯುವುದಿಲ್ಲ. ಚಕ್ರ ಒಂದೆರಡು ಸುತ್ತು ತಿರುಗಿ, ಬ್ರೇಕ್ ರಬ್ಬರ್ ರಿಮ್ಮಿನ ನೀರು ಒರೆಸಿದ ಮೇಲಷ್ಟೇ ಹಿಡಿತ. ಪ್ರವಾಸದ ಸೈಕಲ್ಲಿನ ಚಕ್ರದ ಒಂದು ಸುತ್ತೆಂದರೆ 2 ಮೀಟರಿಗಿಂತ ತುಸು ಹೆಚ್ಚು. ಅಂದರೆ ವೇಗ ಇಳಿಯತೊಡಗುವ ಮೊದಲೇ ನಾಲ್ಕು ಮೀಟರ್ ಕಳೆದಿರುತ್ತದೆ, ಜೊತೆಗೆ ಕ್ಯಾರಿಯರ್ ಮೇಲಿನ ಹೊರೆ ಬೇರೆ. ಹಾಗಾಗಿ ಇಳಿಜಾರು, ತಿರುವು ಬರುವ ಮೊದಲೇ ಲಿವರ್ ಹಗುರಾಗಿ ಒತ್ತಿ ರಿಮ್ ಒರೆಸಿಕೊಳ್ಳಬೇಕು.

ಕರಾವಳಿಯಲ್ಲಿ ಇದಕ್ಕೆ ಮರಳೂ ಸೇರುತ್ತದೆ. ಗಾಳಿ ರಸ್ತೆಗೆ ತಂದು ಹಾಕಿದ ಮರಳು ನೀರಿನ ಜೊತೆ ಚಕ್ರಕ್ಕೆ ಹತ್ತಿ ರಬ್ಬರಿನಲ್ಲಿ ನಾಟಿಕೊಳ್ಳುತ್ತದೆ. ಬ್ರೇಕ್ ಹಿಡಿದಾಗ ಕರಕರ ಸದ್ದು ಬಂತೆಂದರೆ ಮರಳು ರಿಮ್ಮನ್ನು ಉಜ್ಜುತ್ತಿದೆ ಎಂದೇ ಅರ್ಥ. ಚಕ್ರ ಬಿಚ್ಚಿ ರಬ್ಬರಿನ ಮುಖ ನೋಡಿ: ಕಪ್ಪು ಮೈಯಲ್ಲಿ ಬೆಳ್ಳಿಯ ಚುಕ್ಕಿಗಳಂತೆ ಹೊಳೆಯುವುದು ರಿಮ್ಮಿನಿಂದಲೇ ಕಿತ್ತು ಬಂದ ಅಲ್ಯೂಮಿನಿಯಂ ಚೂರು. ಚಾಕುವಿನ ತುದಿಯಿಂದ ಅವನ್ನು ಒಂದೊಂದಾಗಿ ಕೆದಕಿ ತೆಗೆದು, ಉಪ್ಪುಕಾಗದದಿಂದ ಮೇಲ್ಮೈ ಉಜ್ಜಿದರೆ ಸದ್ದು ನಿಲ್ಲುತ್ತದೆ, ಹಿಡಿತವೂ ಮರಳುತ್ತದೆ. ಒಣ ರಸ್ತೆಯಲ್ಲಿ ತಿಂಗಳುಗಟ್ಟಲೆ ಬಾಳುವ ರಬ್ಬರ್ ಮರಳು ಬೆರೆತ ಮಳೆಯಲ್ಲಿ ಕೆಲವೇ ದಿನಗಳಲ್ಲಿ ಮುಗಿಯಬಹುದು. ರಬ್ಬರಿನ ಮುಖದಲ್ಲಿ ಮೊದಲಿನಿಂದಲೇ ಇರುವ ಕಾಲುವೆಯಂಥ ಗೀರುಗಳು ಸವೆದು ಅಳಿಸಿದರೆ ಬದಲಿಸಲೇಬೇಕು, ಒಂದು ಜೊತೆ ಚೀಲದಲ್ಲಿರಲಿ. ರಿಮ್ಮಿನ ಬದಲು ಚಕ್ರದ ನಡುವಿನ ಲೋಹದ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕ್ ಮಳೆಯಲ್ಲಿ ಬೇಗ ಹಿಡಿಯುತ್ತದೆ, ನಿಜ. ಆದರೆ ಆ ತಟ್ಟೆಯನ್ನು ಒತ್ತುವ ರೆಸಿನ್ (ರಾಳದ) ಪ್ಯಾಡ್ ಕೂಡ ಇದೇ ಮರಳಿಗೆ ಬೇಗ ಸವೆಯುತ್ತದೆ. ಕೇಬಲ್‌ನಿಂದ ನಡೆಯುವ ಡಿಸ್ಕ್ ಬ್ರೇಕ್ ಆದರೆ ಪ್ಯಾಡ್ ಸವೆದಷ್ಟೂ ಕೈಯಿಂದ ತಿರುಗಿಸಿ ಹತ್ತಿರ ತರಬೇಕು.

ಪಂಕ್ಚರ್ ಕೂಡ ಮಳೆಯಲ್ಲೇ ಹೆಚ್ಚು. ನೀರು ಎಣ್ಣೆಯಂತೆ ಕೆಲಸ ಮಾಡಿ ಗಾಜಿನ ಚೂರನ್ನು ಟೈರಿನೊಳಕ್ಕೆ ಸಲೀಸಾಗಿ ಜಾರಿಸುತ್ತದೆ. ಒದ್ದೆ ಟ್ಯೂಬಿಗೆ ಪ್ಯಾಚ್ ಅಂಟುವುದಿಲ್ಲ, ಹೊಸ ಟ್ಯೂಬ್ ಹಾಕಿ ಮುಂದೆ ಸಾಗಬೇಕು. ಒಬ್ಬರೇ ಹೋಗುವಾಗ ಎರಡು ಟ್ಯೂಬ್ ಬೇಕು. ತೂತಾದ್ದಕ್ಕೆ ರಾತ್ರಿ ಸೂರಿನಡಿ ಪ್ಯಾಚ್ ಹಾಕಿದರಾಯಿತು.

ಸಂಜೆ ಸೈಕಲ್ಲನ್ನು ಹಾಗೇ ಗೋಡೆಗೆ ಒರಗಿಸಿ ಮಲಗಿದರೆ ಬೆಳಿಗ್ಗೆಗೆ ಚೈನು ಕೆಂಪಾಗಿರುತ್ತದೆ. ಅಲೆಯ ತುಂತುರಿನಿಂದ ಬಂದ ಉಪ್ಪು ಗಾಳಿಯ ತೇವ ಹೀರಿಕೊಂಡು ಒದ್ದೆಯಾಗಿಯೇ ಕೂರುತ್ತದೆ, ತುಕ್ಕಿಗೆ ಅಷ್ಟು ಸಾಕು. ಬಾಟಲಿಯಿಂದ ಸಿಹಿನೀರು ಸುರಿದು ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಪೈಪಿನಲ್ಲಿ ಜೋರಾಗಿ ಹಾಯಿಸಿದರೆ ಚಕ್ರದ ನಡುವಿನ ಹಬ್‌ನ ಗ್ರೀಸಿನೊಳಕ್ಕೆ ನೀರು ನುಗ್ಗುತ್ತದೆ. ಚೈನನ್ನು ಬಟ್ಟೆಯಲ್ಲಿ ಹಿಡಿದು, ಪೆಡಲ್ ಹಿಂದಕ್ಕೆ ತಿರುಗಿಸುತ್ತಾ ಒರೆಸಿ, ಒಣಗಲು ಬಿಡಿ. ಆಮೇಲೆ ಮಳೆಗೆಂದೇ ಇರುವ ಗಟ್ಟಿ ಎಣ್ಣೆಯನ್ನು ಪ್ರತಿ ಕೊಂಡಿಯ ಉರುಳೆಗೂ ಒಂದೊಂದೇ ಹನಿ ಹಾಕಿ, ಪೆಡಲ್ ಇಪ್ಪತ್ತು ಸುತ್ತು ತಿರುಗಿಸಿ, ಹೊರಮೈ ಎಣ್ಣೆಯನ್ನು ಪೂರ್ತಿ ಒರೆಸಿಬಿಡಿ. ಹೊರಗೆ ಉಳಿದ ಎಣ್ಣೆ ಮರಳು ಹಿಡಿದು ಚೈನನ್ನು ಅರೆಯುತ್ತದೆ. ವಾರಕ್ಕೊಮ್ಮೆ ಸೀಟಿನ ಎತ್ತರಕ್ಕೆ ಟೇಪಿನ ಗುರುತು ಹಾಕಿ ಸೀಟನ್ನು ಹೊತ್ತ ಕೊಳವೆ, ಅಂದರೆ ಸೀಟ್ ಪೋಸ್ಟ್ ಹೊರಗೆಳೆಯಿರಿ. ಸೈಕಲ್ ತಲೆಕೆಳಗು ಮಾಡಿದರೆ ಚೌಕಟ್ಟಿನೊಳಗೆ ಇಳಿದ ನೀರು ಅಲ್ಲಿಂದಲೇ ಸುರಿಯುತ್ತದೆ. ಉಕ್ಕಿನ ಚೌಕಟ್ಟಿಗೆ ಅಲ್ಯೂಮಿನಿಯಂ ಪೋಸ್ಟ್ ಇದ್ದರೆ ತೆಳುವಾಗಿ ಗ್ರೀಸ್ ಹಚ್ಚದೆ ಮರಳಿ ಹಾಕಬೇಡಿ. ಉಪ್ಪುನೀರು ಸೇರಿದರೆ ಎರಡು ಲೋಹಗಳೂ ಕಚ್ಚಿಕೊಂಡು, ಮುಂದೆ ಗರಗಸವೇ ಗತಿಯಾದೀತು.

ಗುಡುಗು ಶುರುವಾದರೆ ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡು ಎಣಿಸಿ. 30ಕ್ಕಿಂತ ಕಡಿಮೆಯಾದರೆ ಸಿಡಿಲು 10 ಕಿ.ಮೀ. ಒಳಗಿದೆ, ಕಟ್ಟಡ ಸೇರಿಕೊಳ್ಳಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಡಬೇಡಿ.

ಇನ್ನು ಉಬ್ಬರ. ಬಹುತೇಕ ತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ನಡುವೆ ಸುಮಾರು 12 ಗಂಟೆ 25 ನಿಮಿಷ. ಇಂದಿನ ಉಬ್ಬರ ನಾಳೆ 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಇನ್ನೂ ಮೇಲೇರುತ್ತದೆ. ಅದೇ ಹೊತ್ತಿಗೆ ಜೋರು ಮಳೆ ಸುರಿದರೆ ಹೊಳೆ, ಚರಂಡಿಗಳ ನೀರು ಸಮುದ್ರಕ್ಕೆ ಇಳಿಯಲಾಗದೆ ಹಿಂದಕ್ಕೆ ಉಕ್ಕಿ, ಹೊಳೆ ಸಮುದ್ರ ಸೇರುವ ಅಳಿವೆಯ ಬದಿಯ ತಗ್ಗು ರಸ್ತೆ ಮುಳುಗುತ್ತದೆ. ಇಳಿತದ ಹೊತ್ತಿಗೆ ಅದೇ ರಸ್ತೆಯಲ್ಲಿ ಹೆಚ್ಚಾಗಿ ನೀರು ಸರಿದಿರುತ್ತದೆ. ಇದು ಗೊತ್ತಿಲ್ಲದವರು ಸೈಕಲ್ ತಳ್ಳಿಕೊಂಡು ನೀರಿಗಿಳಿಯುತ್ತಾರೆ. ರಭಸದ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರ ಕಾಲು ಕೀಳಬಲ್ಲದು. ಚೀಲ ತೂಗುಹಾಕಿದ ಸೈಕಲ್ಲಿಗಂತೂ ಆ ನೀರು ಪಕ್ಕದಿಂದ ಗುದ್ದುತ್ತದೆ. ಅಂಚು ಕುಸಿದಿದ್ದರೆ ಕಾಣುವುದಿಲ್ಲ, ಕೈಹಿಡಿದು ಎಳೆಯಲು ಜೊತೆಗಾರರಿಲ್ಲ. ಆದ್ದರಿಂದ ಮಳೆಯ ದಿನ ಮಾಮೂಲಿ ದೂರದ ಮೂರನೇ ಎರಡು ಪಾಲು ಮಾತ್ರ ಇಟ್ಟುಕೊಂಡು, ಅಳಿವೆ ಮತ್ತು ತಗ್ಗು ರಸ್ತೆಗಳನ್ನು ಇಳಿತದ ವೇಳೆ ದಾಟುವಂತೆ ಹೊರಡುವ ಗಂಟೆ ನಿಗದಿ ಮಾಡಬೇಕು. ಆ ಗಂಟೆಗಳನ್ನು ಕಾಗದದಲ್ಲಿ ಬರೆದು ಪ್ಲಾಸ್ಟಿಕ್ ಹಾಳೆಯಲ್ಲಿ ಹ್ಯಾಂಡಲ್ಲಿಗೆ ಕಟ್ಟಿಕೊಳ್ಳಿ, ಮೊಬೈಲ್ ಪರದೆ ಒದ್ದೆಯಾದರೆ ಬೆರಳಿಗೆ ಸ್ಪಂದಿಸುವುದಿಲ್ಲ.

ಹವಾಮಾನದ ಅಂಕಣದಲ್ಲಿ ಸೂರ್ಯೋದಯ, ಸೂರ್ಯಾಸ್ತದ ಪಕ್ಕ ಆ ದಿನದ ಉಬ್ಬರ ಮತ್ತು ಇಳಿತದ ಸಮಯವನ್ನೂ ಎರಡು ಸಾಲಿನಲ್ಲಿ ಅಚ್ಚು ಹಾಕಬೇಕೆಂದು ಕೋರುತ್ತೇನೆ.

ಇತಿ,
ಒಬ್ಬ ಸೈಕಲ್ ಪ್ರವಾಸಿ