ಜನನ ನೋಂದಣಿಗೆ ಇಬ್ಬರೂ ಒಟ್ಟಿಗೆ ಹೋಗಿ

ಪ್ರೀತಿಯ ಸುಹಾಸ್,

ಬಸುರಿ ಮೇಘಾಗೆ ಏಳು ತಿಂಗಳು ತುಂಬಿತು ಅಂತ ನಿನ್ನಮ್ಮ ಫೋನಿನಲ್ಲಿ ಹೇಳಿದಳು. ತುಂಬಾ ಖುಷಿಯಾಯ್ತು ಕಣೋ. ಆದರೆ ಒಂದು ವಿಷಯ ಕೊರೆಯುತ್ತಿದೆ. ಫೋನಿನಲ್ಲಿ ಹೇಳಿದರೆ 'ಆಯ್ತು ಮಾವ' ಅಂದು ಮರೆತುಬಿಡ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ಲೆಸ್ಟರ್‌ನಲ್ಲಿ ನಾವೆಲ್ಲ ಅಕ್ಷತೆ ಹಾಕಿದ ಮದುವೆ ಇಂಗ್ಲೆಂಡಿನ ಕಾನೂನಿಗೆ ಮದುವೆಯೇ ಅಲ್ಲ. ಬಾಡಿಗೆ ಸಭಾಂಗಣದಲ್ಲಿ ಆದದ್ದು, ರಿಜಿಸ್ಟರ್ ಆಫೀಸಿಗೆ ಮೊದಲೇ ಮದುವೆಯ ನೋಟಿಸ್ ಕೊಟ್ಟಿರಲಿಲ್ಲ, ಮದುವೆ ನೋಂದಾಯಿಸುವ ರಿಜಿಸ್ಟ್ರಾರ್ ಬಂದಿರಲಿಲ್ಲ. ಅದೇ ತಾಳಿಯನ್ನು ಮೈಸೂರಿನ ಛತ್ರದಲ್ಲಿ ಶಾಸ್ತ್ರಪ್ರಕಾರ ಕಟ್ಟಿದ್ದರೆ ಇಲ್ಲೂ ಒಪ್ಪುತ್ತಿದ್ದರು. 1998ರಲ್ಲಿ ಲಂಡನ್ನಿನ ಸೌತಾಲ್‌ನ ಒಂದು ರೆಸ್ಟೋರೆಂಟಿನಲ್ಲಿ ನಿಕಾಹ್ ಆದ ದಂಪತಿಗೆ ನಾಲ್ಕು ಮಕ್ಕಳಾಗಿದ್ದರೂ, 2020ರಲ್ಲಿ ಇಲ್ಲಿನ ಮೇಲ್ಮನವಿ ಕೋರ್ಟು ಅದು ಕಾನೂನಿನ ಮದುವೆ ಅಲ್ಲ ಅಂತಲೇ ಹೇಳಿತು. ನನ್ನ ಪಾಲಿಗೆ ಮೇಘಾ ನಮ್ಮ ಮನೆ ಸೊಸೆ, ಅದರಲ್ಲಿ ಎರಡು ಮಾತಿಲ್ಲ. ಕಾಗದದಲ್ಲಿ ಮಾತ್ರ ನೀನಿನ್ನೂ ಮದುವೆಯಾಗದ ಗಂಡು.

ಇದರಿಂದ ಏನಾಗುತ್ತೆ ಅಂದರೆ, ಹೆತ್ತ ತಾಯಿಗೆ ಮಗುವಿನ ಮೇಲೆ 'ಪೇರೆಂಟಲ್ ರೆಸ್ಪಾನ್ಸಿಬಿಲಿಟಿ' (ಮಗುವಿನ ಪರವಾಗಿ ತೀರ್ಮಾನ ಮಾಡುವ ಕಾನೂನಿನ ಹಕ್ಕು, ಹೊಣೆ) ತಾನಾಗಿ ಬರುತ್ತೆ, ಅವಳನ್ನು ಮದುವೆಯಾದ ಗಂಡನಿಗೂ ಬರುತ್ತೆ, ನಿನಗೆ ಬರಲ್ಲ. ಚಿಕಿತ್ಸೆಗೆ ಒಪ್ಪಿಗೆ, ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಅದೇ ಬೇಕು. ಅದಿಲ್ಲದಿದ್ದರೂ ಮಗುವಿನ ಖರ್ಚು ಕೊಡುವ ಹೊಣೆ ಮಾತ್ರ ನಿನ್ನದೇ. ಮೇಘಾಗೆ ಏನಾದರೂ ಆಗಿ (ದೇವರು ಹಾಗೆ ಮಾಡದಿರಲಿ) ಅವಳು ಮಾತಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ, ಮಗುವಿನ ಪರವಾಗಿ ಸಹಿ ಹಾಕೋಕೆ ನಿನಗೆ ಹಕ್ಕಿರಬೇಕು ಅಲ್ವಾ? ನನ್ನ ಹೆದರಿಕೆ ಇದೊಂದೇ.

ದಾರಿ ಸುಲಭ ಇದೆ. 2003ರ ಡಿಸೆಂಬರ್ 1ರಿಂದ ಇಲ್ಲಿ ತಾಯಿಯ ಜೊತೆ ಸೇರಿ ಜನನ ನೋಂದಣಿ ಮಾಡಿಸಿದ ಅಪ್ಪನಿಗೂ ಆ ಹಕ್ಕು ಸಿಗುತ್ತೆ. ಹುಟ್ಟಿದ 42 ದಿನದೊಳಗೆ ಮಾಡಿಸಬೇಕು. ಮದುವೆಯಾದವರಲ್ಲಿ ಒಬ್ಬರು ಹೋದರೂ ಸಾಕು, ನೀವಿಬ್ಬರೂ ಒಟ್ಟಿಗೇ ಹೋಗಿ. ಬಾಣಂತಿ ಮನೇಲಿರಲಿ, ನಾನೊಬ್ಬನೇ ಮುಗಿಸಿ ಬರ್ತೀನಿ ಅಂತ ಹೊರಡಬೇಡ, ಅವಳ ಸುಸ್ತು ಇಳಿದ ಮೇಲೆ ಒಂದು ದಿನ ನೋಡಿ ಅಪಾಯಿಂಟ್‌ಮೆಂಟ್ ತಗೋ. ಸಹಿ ಹಾಕುವ ಮುಂಚೆ ಅಕ್ಷರ ಅಕ್ಷರ ಓದು. ನಮ್ಮವರ ಇನಿಷಿಯಲ್ ಇಲ್ಲಿ ದೊಡ್ಡ ತಲೆನೋವು, ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರೆಸು, ಆಮೇಲೆ ತಿದ್ದಿಸೋದು ಜಾಸ್ತಿ ಕಷ್ಟ.

ಯಾವುದೋ ಕಾರಣಕ್ಕೆ ನೋಂದಣಿಯಲ್ಲಿ ನಿನ್ನ ಹೆಸರು ಬಿಟ್ಟುಹೋದರೆ ಆ ಹಕ್ಕು ಪಡೆಯೋಕೆ ತಾಯಿಯ ಜೊತೆ ಒಪ್ಪಂದದ ಫಾರ್ಮ್ ಇದೆ, ಕೋರ್ಟ್ ಆದೇಶವೂ ಇದೆ. ಅಲ್ಲಿವರೆಗೆ ಯಾಕೆ ಬಿಡಬೇಕು?

ಊರಿನಲ್ಲೂ ಸುಮ್ನೆ ಎಲ್ಲ ಸರಿ ಇದೆ ಅಂದುಕೊಳ್ಳಬೇಡ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲನೆ ಕಾಯ್ದೆಯಲ್ಲಿ ಮದುವೆಯಾಗದವರ ಮಗುವಿಗೆ ತಾಯಿ ಮೊದಲ ಪೋಷಕಿ, ಅವಳ ನಂತರವೇ ತಂದೆ. ಅವಿವಾಹಿತ ತಾಯಿ ಪೋಷಕತ್ವ ಕೇಳುವಾಗ ತಂದೆಗೆ ನೋಟಿಸ್ ಕೊಡಲೇಬೇಕಿಲ್ಲ ಅಂತ 2015ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಮಗುವನ್ನು ಒಂಟಿಯಾಗಿ ಸಾಕುವ ತಾಯಂದಿರ ಕಷ್ಟ ನೋಡಿದರೆ ಅದು ಸರಿಯಾದ ತೀರ್ಪೇ ಅಂತ ನನಗನಿಸುತ್ತೆ.

ರಿಜಿಸ್ಟರ್ ಮದುವೆಯನ್ನೂ ಮುಂದೂಡಬೇಡಿ. 28 ದಿನ ಮೊದಲೇ ನೋಟಿಸ್ ಕೊಡಬೇಕು, ವೀಸಾ ಮೇಲೆ ಇರುವವರಿಗೆ 70 ದಿನದವರೆಗೂ ಎಳೆಯಬಹುದು. ಹೆರಿಗೆಗೆ ಮುಂಚೆ ಆಗದಿದ್ದರೆ ಆಮೇಲಾದರೂ ಆಗಲಿ, ಆಗ ಮಗುವಿನ ಜನನವನ್ನು ಇನ್ನೊಮ್ಮೆ ನೋಂದಾಯಿಸಬೇಕಾಗುತ್ತೆ. ಈ ಪತ್ರ ಮೇಘಾಗೂ ಓದಿ ಹೇಳು. ನೋಟಿಸ್ ಕೊಡೋಕೆ ಯಾವತ್ತು ಹೋಗ್ತೀರಿ ಅಂತ ಈ ವಾರವೇ ತಿಳಿಸು.

ನಿನ್ನ ಮಾವ