ಕೌಲ್ ಬಜಾರಿನ ತಗಡಿನ ಕೆಲಸದ ಅಜ್ಜನಿಗೆ

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಂದೇ ಗಂಟೆ ಬಾಕಿ. ಬಳ್ಳಾರಿಯ ಬಸ್ಸಿನ ನೂಕುನುಗ್ಗಲಿನಲ್ಲಿ ಮಗಳ ಕಾಮೆಟ್ ವಿಮಾನದ ತಗಡಿನ ಮಾದರಿ ಕಿಟಕಿಯ ಮೂಲೆಯಿಂದ ಸೀಳಿತ್ತು. 1952ರಲ್ಲಿ ಸಂಚಾರ ಆರಂಭಿಸಿದ, ಜಗತ್ತಿನ ಮೊದಲ ಪ್ರಯಾಣಿಕ ಜೆಟ್ ಅದು. ಲಂಡನ್ ಬಳಿಯ ಡಿ ಹ್ಯಾವಿಲೆಂಡ್ ವಸ್ತುಸಂಗ್ರಹಾಲಯದಲ್ಲಿ ಸ್ವಯಂಸೇವಕರು ಅದರ ಒಡಲಿಗೆ ಮರುಜೀವ ಕೊಟ್ಟ ಚಿತ್ರ ನೋಡಿ, ಬೇಸಿಗೆ ರಜೆಯೆಲ್ಲ ಕುಳಿತು ಮಾಡಿದ್ದಳು.

ಅಳುವ ಮಗಳೊಂದಿಗೆ ನಿಮ್ಮ ಅಂಗಡಿಗೆ ಬಂದೆ. ನೀವು ಕೈಯಲ್ಲಿದ್ದ ಕೊಡವನ್ನು ಬದಿಗಿಟ್ಟು ಸೀಳಿಗೆ ಬೆಸುಗೆ ಹಾಕಿದಿರಿ. "ಚೂಪು ಮೂಲೆಯಲ್ಲೇ ತಗಡು ಬಿರಿಯುತ್ತದೆ ತಾಯಿ" ಎನ್ನುತ್ತ, ಉಳಿದ ಕಿಟಕಿಗಳ ಮೂಲೆಗಳನ್ನೂ ಅರದಿಂದ ದುಂಡಗೆ ಉಜ್ಜಿದಿರಿ. 1954ರ ಕಾಮೆಟ್ ದುರಂತಗಳ ತನಿಖೆಯಲ್ಲಿ ಕಂಡದ್ದೂ ಒಡಲಿನ ಕಂಡಿಗಳ ಮೂಲೆಯ ಬಿರುಕೇ! ಮಗುವಿನ ಕೈಗೆ ಚುಚ್ಚಬಾರದೆಂದು ಅಂಚಿನುದ್ದಕ್ಕೂ ಹೆಬ್ಬೆರಳಾಡಿಸಿ ನೋಡಿದಿರಿ. ಹಣ ಮುಟ್ಟಲಿಲ್ಲ.

ಗಡಿಬಿಡಿಯಲ್ಲಿ ಹೆಸರು ಕೇಳಲಾಗಲಿಲ್ಲ ಅಜ್ಜಾ. ವಿಮಾನ ಸಮಯಕ್ಕೆ ಸರಿಯಾಗಿ ಮೇಜು ಸೇರಿತು. ನಿಮಗೆ ನಮ್ಮಿಬ್ಬರ ನಮಸ್ಕಾರ.